ಉಳುಕು

ಆ ಪ್ರಾಣಿ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ಕಚ್ಚುವ ನಾಯಿ, ಪರಚುವ ಬೆಕ್ಕು, ಒಮ್ಮೆ ಯಾರೋ ಚೀಲದಲ್ಲಿ ಹಾಕಿಕೊಂಡು ಬಂದಿದ್ದ ಆಮೆ, ಎಲ್ಲವೂ ಅವಳ ಮೇಜಿನ ಮೇಲೆ ಮಲಗಿ ಎದ್ದು ಹೋಗಿದ್ದವು. "ಆಮೆಯಂಥ ಪೇಷೆಂಟು ಇನ್ನೊಂದಿಲ್ಲ. ಅಲ್ಲಾಡಬೇಡ ಅಂತ ಹೇಳೋದೇ ಬೇಡ" ಎಂದು ಹೇಳಿ ನಗಿಸುತ್ತಿದ್ದಳು.

ಆಸ್ಪತ್ರೆ ಕಟ್ಟಿದವರು ದೊಡ್ಡ ಡಾಕ್ಟರು. ಅರವತ್ತು ದಾಟಿದ್ದರು. ಅವಳು ಕೆಲಸಕ್ಕೆ ಸೇರಿದಾಗ ಗುಂಡಿ ಒತ್ತುವುದು, ಫಿಲಂ ತೊಳೆಯುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಫಿಲಂ ಓದುವುದನ್ನು ಕಲಿಸಿದವರು ಅವರೇ. ಮಧ್ಯಾಹ್ನ ಜನ ಕಡಿಮೆಯಾದಾಗ ಬೆಳಕಿನ ಪೆಟ್ಟಿಗೆಯ ಮೇಲೆ ಹಳೆಯ ಫಿಲಂಗಳನ್ನು ಸಿಕ್ಕಿಸಿ, "ಮೂಳೆ ನೋಡಬೇಡಮ್ಮ, ಮೂಳೆಯ ಅಂಚು ನೋಡು. ಕಾಯಿಲೆ ಮೊದಲು ಅಂಚಿನಲ್ಲಿ ಮಾತಾಡುತ್ತೆ" ಎನ್ನುತ್ತಿದ್ದರು. ಮಗಳಿಗೆ ಕಲಿಸುವಷ್ಟು ತಾಳ್ಮೆಯಿಂದ ಕಲಿಸಿದ್ದರು.

ಎರಡು ವರ್ಷದ ಹಿಂದೆ ಒಂದು ದಿನ ಅವರು ನಾಯಿಯೊಂದರ ಬಲಗಾಲಿನ ಫಿಲಂ ನೋಡಿ ಎಡಗಾಲು ಎಂದರು. ಫಿಲಂನ ಮೂಲೆಯಲ್ಲಿ ಇಷ್ಟು ದಪ್ಪ ಅಕ್ಷರದಲ್ಲಿ 'ಬಲ' ಎಂದು ಬರೆದಿತ್ತು. ಇನ್ನೊಂದು ದಿನ ಟೀಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿಕೊಂಡರು. ಎದುರಿಗೆ ಬಂದವರನ್ನು ಮಾತಾಡುವವರೆಗೂ ಗುರುತಿಸುತ್ತಿರಲಿಲ್ಲ. ನೋಡಬೇಕಾದ್ದನ್ನು ನೇರವಾಗಿ ನೋಡದೆ ಕತ್ತು ಓರೆ ಮಾಡಿ ನೋಡುವ ಹೊಸ ಅಭ್ಯಾಸವೊಂದು ಅಂಟಿಕೊಂಡಿತ್ತು. ಕಣ್ಣಿನ ನಡುಭಾಗ ಮಸುಕಾಗಿ ಸುತ್ತಲಿನದಷ್ಟೇ ಕಾಣುವ ಆ ಕಾಯಿಲೆ ಅಕ್ಕನ ಸೋದರಮಾವನಿಗೂ ಬಂದಿತ್ತು. ಅವಳಿಗೆ ಅರ್ಥವಾಯಿತು. ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅಲ್ಲಿಂದ ಅವಳು ಫಿಲಂ ತಂದು ಸಿಕ್ಕಿಸಿದ ಮೇಲೆ ಪಕ್ಕದಲ್ಲೇ ನಿಲ್ಲತೊಡಗಿದಳು. ಅವರಿಗಷ್ಟೇ ಕೇಳುವ ಹಾಗೆ, "ಮೂರನೇ ಪಕ್ಕೆಲುಬು ಸಾರ್, ಸಣ್ಣ ಬಿರುಕು" ಎನ್ನುತ್ತಿದ್ದಳು. ಅವರು ಗಂಟಲು ಸರಿಮಾಡಿಕೊಂಡು, "ಮೂರನೇ ಪಕ್ಕೆಲುಬಲ್ಲಿ ಸಣ್ಣ ಬಿರುಕಿದೆ" ಎಂದು ಬಂದವರಿಗೆ ಹೇಳುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಆಪರೇಷನ್ನುಗಳನ್ನು ಅವರು ಸೊಸೆಗೆ ಬಿಟ್ಟುಕೊಟ್ಟರು. ಸೊಸೆಯೂ ಡಾಕ್ಟರು, ಮದುವೆಯಾಗಿ ಬಂದ ಮೇಲೆ ಅದೇ ಆಸ್ಪತ್ರೆಗೆ ಸೇರಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಾವನಿಗೆ ವಯಸ್ಸಾಯಿತು, ಅದಕ್ಕೇ ಬ್ಲೇಡು ಕೆಳಗಿಟ್ಟಿದ್ದಾರೆ ಎಂದುಕೊಂಡಿದ್ದಳು. ನಿಜ ಗೊತ್ತಿದ್ದದ್ದು ಎಕ್ಸ್‌ರೇ ಅಕ್ಕನಿಗೆ ಮಾತ್ರ. ಆ ಗುಟ್ಟು ಅವಳಿಗೆ ಯಾರೂ ಕೊಡದ ಬಡ್ತಿಯ ಹಾಗಿತ್ತು. ಮನೆಯಲ್ಲಿ ಗಂಡನಿಗೂ ಹೇಳಿರಲಿಲ್ಲ.

ಅದು ಒಂದು ಸೋಮವಾರದ ಬೆಳಗ್ಗೆ. ಬೆಂಚುಗಳ ಮೇಲೆ ಐದಾರು ಜನ ಕೂತಿದ್ದರು. ಬೆಕ್ಕೊಂದರ ಸೊಂಟದ ಫಿಲಂ ಸಿಕ್ಕಿಸಿ ಅಕ್ಕ ಎಂದಿನಂತೆ ಪಿಸುಗುಟ್ಟುತ್ತಿದ್ದಾಗ ಸೊಸೆ ಹಿಂದೆ ಬಂದು ನಿಂತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಇದೇನು ಮಾವ, ಫಿಲಂ ಓದೋದು ನೀವಾ ಅಕ್ಕನಾ?"

ತಮಾಷೆಗೇ ಕೇಳಿದ್ದಳು. ಬೆಂಚಿನ ಮೇಲಿದ್ದವರು ನಕ್ಕರು. ದೊಡ್ಡ ಡಾಕ್ಟರ ಮುಖ ಕಿವಿಯವರೆಗೂ ಕೆಂಪೇರಿತು. ಅವರು ಅಕ್ಕನ ಕಡೆ ತಿರುಗಿದರು.

"ನಿನ್ನ ಕೆಲಸ ಗುಂಡಿ ಒತ್ತೋದು. ಒತ್ತು, ತೊಳಿ, ತಂದಿಡು. ಓದೋದಕ್ಕೆ ನಾನಿದೀನಿ. ಎಲ್ಲದರಲ್ಲೂ ಮೂಗು ತೂರಿಸ್ಕೊಂಡು ಬರಬೇಡ."

ಇಪ್ಪತ್ತೆರಡು ವರ್ಷದಲ್ಲಿ ಅವರು ಅವಳಿಗೆ ಹಾಗೆ ಅಂದಿರಲಿಲ್ಲ. "ಸರಿ ಸಾರ್" ಎಂದಳು. ಡಾರ್ಕ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ತೊಳೆಯಲು ಏನೂ ಇಲ್ಲದಿದ್ದರೂ ನಲ್ಲಿ ಬಿಟ್ಟುಕೊಂಡು ನಿಂತಳು. ನನ್ನಿಂದ ಮಾನ ಉಳಿಸಿಕೊಂಡವರು ನನ್ನ ಮಾನವನ್ನೇ ಎಲ್ಲರೆದುರು ಕಳೆದರಲ್ಲ ಎಂದುಕೊಂಡಳು.

ಅರ್ಧ ಗಂಟೆಯಾಗಿರಬಹುದು. ಬೀಗದವನು ತನ್ನ ನಾಯಿ ಕರೆದುಕೊಂಡು ಬಂದ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲೇ ಅವನ ಅಂಗಡಿ. ನಕಲಿ ಕೀ ಮಾಡಿಕೊಡುವುದು, ಸಿಕ್ಕಿಕೊಂಡ ಬೀಗ ಬಿಚ್ಚಿಕೊಡುವುದು ಅವನ ಕಸುಬು. ಜೊತೆಗೆ ಅವನ ಅತ್ತೆ. ಅವನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿದ್ದರೂ ಅತ್ತೆ ಅಳಿಯ ಒಂದೇ ಮನೆಯಲ್ಲಿದ್ದರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ಆದರೆ ನಾಯಿ ಸತ್ತವಳದ್ದು. ಮರಿಯಾಗಿದ್ದಾಗ ಕೋಟಿನೊಳಗೆ ಬಚ್ಚಿಟ್ಟುಕೊಂಡು ತಂದು ದಡಿಯ ಎಂದು ಹೆಸರಿಟ್ಟವಳು ಅವಳು. ಈಗ ಅದಕ್ಕೆ ಏಳು ವರ್ಷ. ಕಂದು ಬಣ್ಣ, ಉದ್ದ ಕಾಲು, ಕರುವಿನಷ್ಟು ಎತ್ತರ. ಅದನ್ನು ಬಿಟ್ಟು ಅಳಿಯನೂ ಇರಲಾರ, ಅತ್ತೆಯೂ ಇರಲಾರಳು. ಅದಕ್ಕಾಗಿಯೇ ಆ ಮನೆ ಮನೆಯಾಗಿ ಉಳಿದಿತ್ತು.

"ಒಂದು ವಾರದಿಂದ ಮುಂಗಾಲು ಕುಂಟ್ತಾ ಇದಾನೆ ಡಾಕ್ಟ್ರೇ" ಎಂದ ಬೀಗದವನು.

"ಒಂದು ವಾರ ಅಲ್ಲ, ಹತ್ತು ದಿನ. ಇವರಿಗೆ ಅಂಗಡಿ ಬಿಟ್ಟು ನೋಡೋಕೆ ಪುರುಸೊತ್ತೆಲ್ಲಿ?" ಎಂದಳು ಅತ್ತೆ.

"ಸೋಫಾ ಮೇಲಿಂದ ಹಾರಿದ್ದು ನೀವೇ ನೋಡಿದ್ರಲ್ಲ ಅತ್ತೆ."

"ಹಾರಿದ್ದು ನೋಡ್ದೆ. ಅದಕ್ಕಿಂತ ಮುಂಚೇನೂ ಕುಂಟ್ತಿದ್ದದ್ದನ್ನೂ ನೋಡ್ದೆ."

ದೊಡ್ಡ ಡಾಕ್ಟರು ಕಾಲನ್ನು ಮೇಲಿನಿಂದ ಕೆಳಗೆ ಒತ್ತುತ್ತ ಬಂದರು. ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಬೆರಳು ಬಂದ ಕೂಡಲೇ ದಡಿಯ ಕಾಲು ಕಿತ್ತುಕೊಂಡ. ಅಲ್ಲಿ ಸಣ್ಣಗೆ ಊದಿತ್ತು. "ಎಕ್ಸ್‌ರೇ ತೆಗಿ" ಎಂದರು, ಅಕ್ಕನ ಮುಖ ನೋಡದೆ.

ದಡಿಯ ಮೇಜಿನ ಮೇಲೆ ಮಲಗು ಎಂದರೆ ಮಲಗಿದ. ಸೀಸದ ಏಪ್ರನ್ ಹಾಕಿಕೊಂಡು ಅತ್ತೆ ತಲೆ ಹಿಡಿದಳು, ಅಳಿಯ ಹಿಂಗಾಲು ಹಿಡಿದ. ಅಕ್ಕ ಎರಡು ಫಿಲಂ ತೆಗೆದು ಡಾರ್ಕ್ ರೂಮಿಗೆ ಹೋದಳು. ಕೆಂಪು ದೀಪದ ಕೆಳಗೆ ಒದ್ದೆ ಫಿಲಂ ಮೇಲೆತ್ತಿದಾಗಲೇ ಅವಳಿಗೆ ಕಂಡಿತು. ಮಣಿಕಟ್ಟಿನ ಮೇಲಿನ ಮೂಳೆ ನುಸಿ ತಿಂದ ಬಟ್ಟೆಯ ಹಾಗೆ ತೂತು ತೂತಾಗಿತ್ತು. ಅಂಚು ಕದಡಿಹೋಗಿ, ಮೂಳೆಯಿಂದ ಹೊರಕ್ಕೆ ಸಣ್ಣ ಸಣ್ಣ ಮುಳ್ಳುಗಳು ಎದ್ದಿದ್ದವು. ದೊಡ್ಡ ಜಾತಿಯ ನಾಯಿಗಳಲ್ಲಿ, ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಅವಳು ಅದನ್ನು ಮೂವತ್ತು ಸಲವಾದರೂ ಕಂಡಿದ್ದಳು. ಮೂಳೆಯ ಕ್ಯಾನ್ಸರ್. ಸೂಜಿ ಹಾಕಿ ತೆಗೆದು ಲ್ಯಾಬಿಗೆ ಕಳಿಸಿದರೆ ಅವರೂ ಅದನ್ನೇ ಬರೆದು ಕಳಿಸುವುದು ಖಾತ್ರಿ.

ಫಿಲಂ ತಂದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ಫಿಲಂ ಇಡುವ ಕ್ಯಾಸೆಟ್ ಒರೆಸುತ್ತ ನಿಂತಳು.

ದೊಡ್ಡ ಡಾಕ್ಟರು ಕತ್ತು ಓರೆ ಮಾಡಿ ನೋಡಿದರು. ಕಾದರು. ಒಂದು ಸಲ ಕಣ್ಣಂಚಿನಲ್ಲಿ ಅವಳ ಕಡೆ ನೋಡಿದರು. ಆ ನೋಟ ಏನು ಕೇಳುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಓದಲಿ, ಓದೋದಕ್ಕೆ ಅವರೇ ಇದ್ದಾರಲ್ಲ ಎಂದುಕೊಂಡಳು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ತಡೆದಳು. ಪಕ್ಕದ ಮೇಜಿನಲ್ಲಿ ಸೊಸೆ ಯಾವುದೋ ನಾಯಿಯ ಕಿವಿಗೆ ಹೊಲಿಗೆ ಹಾಕುತ್ತಿದ್ದಳು. ಅವಳೆದುರು ದೊಡ್ಡ ಡಾಕ್ಟರಿಗೆ ಎಷ್ಟು ಹೊತ್ತು ಸುಮ್ಮನೆ ನಿಲ್ಲಲಾದೀತು?

"ಮೂಳೆ ಚೆನ್ನಾಗಿದೆ" ಎಂದರು. "ಉಳುಕು. ನೋವಿಗೆ ಮಾತ್ರೆ ಕೊಡ್ತೀನಿ. ಎರಡು ವಾರ ಓಡೋದಕ್ಕೆ ಬಿಡಬೇಡಿ."

"ಅಬ್ಬ" ಎಂದಳು ಅತ್ತೆ. ಬೀಗದವನು ದಡಿಯನ ತಲೆಗೆ ಒಂದು ಮೊಟಕಿ, "ನಾಟಕ ಆಡ್ತೀಯೇನೋ?" ಎಂದ. ದಡಿಯ ಬಾಲ ಅಲ್ಲಾಡಿಸಿದ.

ಸಂಜೆ ಹೇಳಿದರಾಯಿತು ಎಂದು ಅಕ್ಕ ಅಂದುಕೊಂಡಳು. ಅವರನ್ನೊಂದಿಷ್ಟು ಹೊತ್ತು ನರಳಿಸಿ, ಒಬ್ಬರೇ ಇದ್ದಾಗ ಹೋಗಿ, "ಸಾರ್, ಆ ನಾಯಿಯನ್ನ ವಾಪಸ್ ಕರೆಸಿ" ಎಂದರೆ ಸಾಕು. ಆದರೆ ಸಂಜೆ ಅವರು ಬೇಗ ಹೊರಟುಬಿಟ್ಟರು. ಮಾರನೆಯ ದಿನ ಬಂದವರು ಅವಳಿಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಹೇಳಲೇಬಾರದು ಎಂದೇನೂ ಅಲ್ಲ. ಅವರೇ ಕೇಳಲಿ ಎಂದಿತ್ತು. ಬುಧವಾರ ಕಳೆಯಿತು, ಗುರುವಾರ ಕಳೆಯಿತು. ದಿನ ಹೋದಷ್ಟೂ ಮಾತು ಭಾರವಾಗುತ್ತ ಹೋಯಿತು. ಈಗ ಹೇಳಿದರೆ, ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ. ಫಿಲಂಗಳನ್ನು ಕವರಿಗೆ ಹಾಕಿ ಬೀರುವಿನಲ್ಲಿಟ್ಟಳು.

ಮನೆಯಲ್ಲಿ ಗಂಡ, "ಯಾಕೆ, ಊಟದ ತಟ್ಟೆ ಮುಂದೆ ಇಟ್ಕೊಂಡು ಎಲ್ಲೋ ಇದೀಯ?" ಎಂದು ಕೇಳಿದ.

"ಆಸ್ಪತ್ರೇಲಿ ಒಂದು ನಾಯಿದು ಡಾಕ್ಟ್ರು ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ" ಎಂದಳು, ಅರ್ಧ ಮಾತ್ರ.

"ಡಾಕ್ಟ್ರ ಕೆಲಸ ಡಾಕ್ಟ್ರಿಗೆ ಬಿಡು. ಇಲ್ಲದ ಉಸಾಬರಿ ನಿನಗ್ಯಾಕೆ?"

ಅವಳಿಗೆ ಬೇಕಿದ್ದದ್ದೂ ಅದೇ ಮಾತು. ಅದನ್ನೇ ಹಿಡಿದುಕೊಂಡಳು.

ಮುಂದಿನ ವಾರ ಬೀಗದವನು ಮಾತ್ರೆ ತೆಗೆದುಕೊಂಡು ಹೋಗಲು ಬಂದು, "ಅಕ್ಕಾ, ನಮ್ಮ ದಡಿಯ ಈಗ ಓಡ್ತಾನೆ! ಮಾತ್ರೆ ಬಿದ್ದ ಮೂರನೇ ದಿನಕ್ಕೇ ಚೇತರಿಸ್ಕೊಂಡ" ಎಂದ. ಆ ಮಾತ್ರೆ ನೋವನ್ನು ಮುಚ್ಚುತ್ತದೆ, ಒಳಗೆ ಮೂಳೆ ತಿನ್ನುವುದನ್ನು ನಿಲ್ಲಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಜಾಸ್ತಿ ಓಡಿಸ್ಬೇಡಿ" ಎಂದಷ್ಟೇ ಹೇಳಿದಳು. ಆಮೇಲೂ ಎರಡು ಸಲ ಮಾತ್ರೆ ತೆಗೆದುಕೊಂಡು ಹೋದ. ಅವನು ಬರುವುದು ಕಂಡರೆ ಅವಳು ಡಾರ್ಕ್ ರೂಮು ಸೇರಿಕೊಳ್ಳುತ್ತಿದ್ದಳು.

ಹತ್ತು ವಾರವಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ಅಳಿಯ ಇಬ್ಬರೂ ಒಂದು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದರು. ಬೆಡ್‌ಶೀಟಿನಲ್ಲಿ ದಡಿಯನಿದ್ದ. ಬಾಗಿಲ ಮುಂದಿನ ಒಂದೇ ಒಂದು ಮೆಟ್ಟಿಲು ಇಳಿದನಂತೆ. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತಂತೆ. ಮುಂಗಾಲು ಮಣಿಕಟ್ಟಿನ ಮೇಲೆ ಓರೆಯಾಗಿ ಜೋತಿತ್ತು. ಅಷ್ಟು ದೊಡ್ಡ ನಾಯಿ ಮರಿಯ ಹಾಗೆ ಕುಂಯ್‌ಗುಟ್ಟುತ್ತಿತ್ತು.

ಆಗ ಇದ್ದದ್ದು ಸೊಸೆ ಡಾಕ್ಟರು. ನೋವು ಅಡಗುವ ಇಂಜೆಕ್ಷನ್ ಕೊಟ್ಟು ಎಕ್ಸ್‌ರೇ ತೆಗೆಸಿದಳು. ಫಿಲಂ ನೋಡಿದಳು. ಬೀಗದವನನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ ಬಂದು, "ಅಕ್ಕ, ಇದರ ಹಳೇ ಫಿಲಂ ಇರಬೇಕಲ್ಲ?" ಎಂದಳು.

ಕಳೆದುಹೋಗಿದೆ ಎನ್ನಬಹುದಿತ್ತು. ಬೀರುವಿನ ತನಕ ನಡೆಯುವಾಗ ಆ ಯೋಚನೆಯೂ ಬಂತು. ಆದರೂ ತಂದುಕೊಟ್ಟಳು.

ಸೊಸೆ ಎರಡನ್ನೂ ಪಕ್ಕಪಕ್ಕ ಸಿಕ್ಕಿಸಿದಳು. ಅಷ್ಟರಲ್ಲಿ ದೊಡ್ಡ ಡಾಕ್ಟರು ಒಳಗೆ ಬಂದರು.

"ಮಾವ, ಇದನ್ನ ಯಾರು ನೋಡಿದ್ದು? ಉಳುಕು ಅಂತ ಬರೆದಿದೆ."

ದೊಡ್ಡ ಡಾಕ್ಟರು ಪೆಟ್ಟಿಗೆಯ ಕಡೆ ತಿರುಗಿ ನೋಡಿದಂತೆ ಮಾಡಿದರು. "ಅವತ್ತು ಫಿಲಂ ಸರಿಯಾಗಿ ಬಂದಿರಲಿಲ್ಲ. ಬಿಳಿಚಿಕೊಂಡಿತ್ತು. ಇವಳು ಕರೆಂಟು ಕಡಿಮೆ ಕೊಟ್ಟಿದ್ದಳೋ ಏನೋ."

ಫಿಲಂ ಮುಂದೆಯೇ ಇತ್ತು. ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಸೊಸೆ ಮಾವನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಟ್ರೇಯಿಂದ ಒಂದು ಔಷಧಿ ಬಾಟಲಿ ಎತ್ತಿ ಮಾವನ ಮುಂದೆ ಹಿಡಿದು, "ಇದೇನು ಅಂತ ಓದಿ" ಎಂದಳು. ಅವರು ಬಾಟಲಿ ತೆಗೆದುಕೊಂಡರು, ಕತ್ತು ಓರೆ ಮಾಡಿದರು, ಕನ್ನಡಕ ಮೇಲೆತ್ತಿದರು. ಬಾಟಲಿಯನ್ನು ಟ್ರೇಯಲ್ಲಿಡಲು ಹೋಗಿ ಅಂಚಿಗೆ ಇಟ್ಟರು. ಅದು ಕೆಳಗೆ ಬಿದ್ದು ಒಡೆಯಿತು.

ಯಾರೂ ಬಗ್ಗಲಿಲ್ಲ.

"ಎಷ್ಟು ದಿನದಿಂದ?" ಎಂದು ಸೊಸೆ ಕೇಳಿದ್ದು ಮಾವನನ್ನಲ್ಲ, ಅಕ್ಕನನ್ನು.

"ಎರಡು ವರ್ಷ."

"ಹಾಗಾದ್ರೆ ಅವತ್ತು ನೀವು ಇದನ್ನ ನೋಡಿದ್ರಿ."

ಅಕ್ಕ ತಲೆ ತಗ್ಗಿಸಿದಳು. ದೊಡ್ಡ ಡಾಕ್ಟರು ಆ ಸೋಮವಾರದ ನಂತರ ಮೊದಲ ಬಾರಿಗೆ ಅವಳತ್ತ ನೇರವಾಗಿ ತಿರುಗಿದರು. "ನೋಡಿದ್ಯಾ?" ಎಂದರು. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ನೋಡಿಯೂ ಬಾಯಿ ಬಿಡಲಿಲ್ವಾ?"

"ಓದೋದಕ್ಕೆ ನೀವಿದೀರಿ ಅಂದಿದ್ರಿ."

ಸೊಸೆ ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿದಳು. ತಗ್ಗಿದ ದನಿಯಲ್ಲಿ, "ಇದು ಹೊರಗೆ ಹೋದ್ರೆ ಈ ಆಸ್ಪತ್ರೆ ಬಾಗಿಲು ಹಾಕಬೇಕಾಗುತ್ತೆ. ಮಾವನ ಮರ್ಯಾದೆ ಹೋಗುತ್ತೆ. ನಿಮ್ಮದೂ ಉಳಿಯಲ್ಲ ಅಕ್ಕ. ಇನ್ನೊಂದು ವಿಷಯ. ಈ ಕಾಯಿಲೆ ನಮಗೆ ಕಾಣೋ ಹೊತ್ತಿಗೆ ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಬೀಜ ಹಾಕಿಬಿಟ್ಟಿರುತ್ತೆ. ಹತ್ತು ವಾರ ಮುಂಚೆ ಹೇಳಿದ್ರೂ ಅದು ಬಹಳ ವರ್ಷ ಬದುಕ್ತಿರಲಿಲ್ಲ" ಎಂದಳು.

ಆ ಕೊನೆಯ ಮಾತು ನಿಜವಿತ್ತು. ಅಕ್ಕ ಆಮೇಲೆ ಎಷ್ಟೋ ದಿನ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಹೇಳಿಕೊಂಡಾಗಲೆಲ್ಲ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಹತ್ತು ವಾರದ ನೋವು ಇತ್ತಲ್ಲ. ಆ ಮೂಳೆ ಮುರಿಯಬೇಕಿರಲಿಲ್ಲವಲ್ಲ.

ಸೊಸೆ ಹೊರಗೆ ಹೋಗಿ ಇಬ್ಬರಿಗೂ ವಿಷಯ ತಿಳಿಸಿದಳು. ಮೂಳೆಯ ಕ್ಯಾನ್ಸರ್ ಎಂದು ಕಾಣುತ್ತದೆ, ಲ್ಯಾಬಿನಿಂದ ಖಚಿತವಾಗಬೇಕು. ಕಾಲು ಉಳಿಯುವುದಿಲ್ಲ, ಭುಜದಿಂದ ತೆಗೆಯಬೇಕು. ಆಮೇಲೆ ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧಿ. ವಾಸಿಯಾಗುತ್ತದೆ ಎಂದಲ್ಲ, ನೋವಿಲ್ಲದ ಕೆಲವು ತಿಂಗಳು, ಅದೃಷ್ಟವಿದ್ದರೆ ಒಂದು ವರ್ಷ.

"ಅವತ್ತು ಉಳುಕು ಅಂದ್ರಲ್ಲ?" ಎಂದ ಬೀಗದವನು.

"ಅವತ್ತು ಇದು ಇರಲಿಲ್ಲ. ಇದು ಬೇಗ ಬೆಳೆಯೋ ಕಾಯಿಲೆ. ಮಧ್ಯದಲ್ಲಿ ಒಂದು ಸಲ ತಂದು ತೋರಿಸಿದ್ರೆ ಗೊತ್ತಾಗ್ತಿತ್ತೇನೋ."

ಮಾತು ಮುಗಿಸುವ ಅವಸರದಲ್ಲಿ ಸೊಸೆ ಆ ಕೊನೆಯ ಸಾಲು ಸೇರಿಸಿದಳು. ಅದು ಎಲ್ಲಿಗೆ ಹೋಗಿ ನಾಟಿತು ಎಂದು ಅವಳು ನೋಡಲಿಲ್ಲ. ಎಕ್ಸ್‌ರೇ ರೂಮಿನ ಬಾಗಿಲಲ್ಲಿ ನಿಂತಿದ್ದ ಅಕ್ಕ ನೋಡಿದಳು. ಅತ್ತೆ ನಿಧಾನವಾಗಿ ಅಳಿಯನ ಕಡೆ ತಿರುಗಿದಳು.

"ನಾನು ಹೇಳಿದ್ನಾ ಇಲ್ವಾ, ಇನ್ನೊಂದು ಸಲ ತೋರಿಸಿ ಅಂತ?"

"ಓಡ್ತಾ ಇದ್ದನಲ್ಲ ಅತ್ತೆ..."

"ಮಾತ್ರೆ ನುಂಗಿಸಿ ಓಡಿಸ್ದೆ. ನನ್ನ ಮಗಳನ್ನೂ ಹೀಗೇ ಮಾಡ್ದೆ. ಹೊಟ್ಟೆನೋವು ಅಂದಾಗ ಮಾತ್ರೆ ಕೊಟ್ಟು, ನಾಳೆ ನೋಡೋಣ ನಾಳೆ ನೋಡೋಣ ಅಂತ ತಳ್ಳಿದೆ. ನಾಳೆ ಬರೋ ಹೊತ್ತಿಗೆ ಅವಳೇ ಇರಲಿಲ್ಲ. ನೀನು ಕೊಲೆಗಾರ ಕಣೋ."

ಎಷ್ಟೇ ಜಗಳವಾಡಿದರೂ ಅವಳು ಅಳಿಯನನ್ನು ಅದುವರೆಗೆ ಬಹುವಚನ ಬಿಟ್ಟು ಮಾತಾಡಿಸಿರಲಿಲ್ಲ. ಬೀಗದವನು ಬೆಂಚಿನ ಮೇಲೆ ಕೂತ.

ದಡಿಯನ ಕಾಲು ತೆಗೆದರು. ಮಾರನೆಯ ದಿನವೇ ಅವನು ಎದ್ದು ನಿಂತ, ನಾಲ್ಕನೆಯ ದಿನ ಮೂರು ಕಾಲಲ್ಲಿ ಕುಪ್ಪಳಿಸುತ್ತ ಬಾಗಿಲವರೆಗೆ ಬಂದ. ಕೊಳೆತ ಮೂಳೆಯ ನೋವು ಹೋಗಿ ಮುಖವೇ ಬದಲಾಗಿತ್ತು. ಲ್ಯಾಬಿನಿಂದ ಬಂದ ಕಾಗದದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ ಇತ್ತು. ಎದೆಯ ಫಿಲಂನಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ. ಡ್ರಿಪ್ ಶುರುವಾಯಿತು. ಪ್ರತಿ ಸಲ ಡ್ರಿಪ್‌ಗೆ ಮೊದಲು ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ದಡಿಯ ಅಕ್ಕನ ಮೇಜಿಗೆ ಬಂದಾಗಲೆಲ್ಲ ಅವಳ ಕೈ ನೆಕ್ಕುತ್ತಿದ್ದ. ಅವಳು ಕೈ ಹಿಂದೆಗೆದುಕೊಳ್ಳುತ್ತಿದ್ದಳು.

ದೊಡ್ಡ ಡಾಕ್ಟರು ಆಸ್ಪತ್ರೆಗೆ ಬರುವುದು ನಿಂತಿತು. ವಿಶ್ರಾಂತಿ ಎಂದು ಎಲ್ಲರಿಗೂ ಹೇಳಿದರು. ಬಹಳ ಜನ ಹೂಗುಚ್ಛ ತಂದುಕೊಟ್ಟು ಹೋದರು. ಬೀಗದವನೂ ತಂದಿದ್ದ.

ಮೊದಲ ಡ್ರಿಪ್‌ಗೆ ಅತ್ತೆ ಬಂದಿದ್ದಳು, ಬೆಂಚಿನ ಆ ತುದಿಯಲ್ಲಿ ಕೂತು ಅಳಿಯನ ಕಡೆ ನೋಡದೆ. ಎರಡನೆಯದಕ್ಕೂ ಬಂದಳು. ಮೂರನೆಯದಕ್ಕೆ ಬೀಗದವನೊಬ್ಬನೇ ಬಂದ.

"ಅತ್ತೆ ಎಲ್ಲಿ?" ಎಂದಳು ಅಕ್ಕ.

"ಸಣ್ಣ ಮಗಳ ಮನೆಗೆ ಹೋದ್ರು. ಬಟ್ಟೆಬರೆ ಎಲ್ಲ ತಗೊಂಡು. ಕೊಲೆಗಾರನ ಮನೆ ಅನ್ನ ಬೇಡ ಅಂದ್ರು." ನಗಲು ನೋಡಿದ, ಆಗಲಿಲ್ಲ. "ಅವರು ಹೇಳೋದ್ರಲ್ಲಿ ಏನು ತಪ್ಪಿದೆ ಅಕ್ಕ? ಎರಡು ಸಲ ಅದೇ ತಪ್ಪು ಮಾಡಿದೀನಿ. ಬೇರೆಯವರ ಮನೆ ಬೀಗ ತೆಗೆಯೋ ಅವಸರದಲ್ಲಿ ನನ್ನ ಮನೇಲಿ ಏನಾಗ್ತಿದೆ ಅಂತ ನೋಡ್ಲಿಲ್ಲ."

ನಾಲ್ಕನೆಯ ಡ್ರಿಪ್‌ಗೆ ಮೊದಲು ತೆಗೆದ ಎದೆಯ ಫಿಲಂ ಒದ್ದೆಯಾಗಿರುವಾಗಲೇ ಅಕ್ಕ ಓಡಿ ಬಂದು ಎಲ್ಲರೆದುರು ಜೋರಾಗಿಯೇ ಹೇಳಿದಳು: "ಎಡ ಶ್ವಾಸಕೋಶದಲ್ಲಿ ಮೂರು ಗಂಟು, ಬಲಗಡೆ ಒಂದು." ಇದನ್ನು ಯಾರು ಹೇಳಿದರೂ, ಯಾವಾಗ ಹೇಳಿದರೂ ಇನ್ನು ಒಂದೇ ಆಗಿತ್ತು. ಸೊಸೆ ಡ್ರಿಪ್ ನಿಲ್ಲಿಸಿದಳು. ಮನೆಗೆ ಕರೆದುಕೊಂಡು ಹೋಗಿ, ತಿನ್ನುವುದನ್ನು ಕೊಡಿ, ಉಸಿರಾಡಲು ಕಷ್ಟವಾದಾಗ ಫೋನ್ ಮಾಡಿ ಎಂದಳು.

ಮಾರನೆಯ ದಿನ ಮಧ್ಯಾಹ್ನ ಅಕ್ಕ ಹಳೆಯ ಫಿಲಂ ಕವರು ಹಿಡಿದುಕೊಂಡು ಬೀಗದವನ ಅಂಗಡಿಗೆ ಹೋದಳು. ಗೋಡೆಯ ತುಂಬ ಮೊಳೆಗಳಿಗೆ ಕೀಗಳು ತೂಗಾಡುತ್ತಿದ್ದವು. ಅವನು ಇಕ್ಕಳಕ್ಕೆ ಒಂದು ಕೀ ಸಿಕ್ಕಿಸಿಕೊಂಡು ಅರದಿಂದ ಉಜ್ಜುತ್ತಿದ್ದ. ದಡಿಯ ಮೇಜಿನ ಕೆಳಗೆ ಚಾಪೆಯ ಮೇಲೆ ಮಲಗಿದ್ದವನು ಅವಳನ್ನು ಕಂಡು ಬಾಲ ಬಡಿದ, ಒಂದೆರಡು ಸಲ ಕೆಮ್ಮಿದ.

ಅವಳು ಕೂರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದೊಡ್ಡ ಡಾಕ್ಟರ ಕಣ್ಣು, ತಾನು ಪಿಸುಗುಟ್ಟುತ್ತಿದ್ದದ್ದು, ಬೆಕ್ಕಿನ ಫಿಲಂ, ತನಗಾದ ಅವಮಾನ, ಅರ್ಧ ಗಂಟೆಯಾದ ಮೇಲೆ ದಡಿಯ ಬಂದದ್ದು. ಅವನ ಕೈಯ ಅರ ನಿಂತಿತು.

"ಅವತ್ತೇ ನೋಡಿದ್ರಾ?"

"ನೋಡಿದ್ದೆ."

"ಯಾಕೆ ಹೇಳ್ಲಿಲ್ಲ?"

"ಡಾಕ್ಟ್ರ ಮೇಲೆ ಸಿಟ್ಟಿತ್ತು."

"ಡಾಕ್ಟ್ರ ಮೇಲೆ" ಎಂದ ಅವನು. ಕವರಿನಿಂದ ಫಿಲಂ ಹೊರಗೆಳೆದು ಟ್ಯೂಬ್‌ಲೈಟಿಗೆ ಹಿಡಿದ. "ಎಲ್ಲಿ?"

ಅವಳು ಬೆರಳಿಟ್ಟು ತೋರಿಸಿದಳು.

"ಇದು ನನಗೂ ಕಾಣುತ್ತಲ್ಲ" ಎಂದ. "ಬೀಗ ರಿಪೇರಿ ಮಾಡೋನಿಗೂ ಕಾಣುತ್ತಲ್ಲ ಅಕ್ಕ ಇದು."

ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ನಿಂತು ಕೇಳಿಕೊಳ್ಳುತ್ತಿದ್ದಳು. ಅವನು ಫಿಲಂ ಕೆಳಗಿಟ್ಟು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟ.

"ನನಗೆ ಹೇಳಿ ಏನು ಪ್ರಯೋಜನ? ಅತ್ತೆಗೆ ಹೋಗಿ ಹೇಳಿ. ದಡಿಯನಿಗೆ ಇನ್ನು ಬಹಳ ದಿನ ಇಲ್ಲ. ಅವರು ಬಂದು ಜೊತೇಲಿರಲಿ."

ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋದಳು. ನಾಲ್ಕನೆಯ ಮಹಡಿಯ ಸಣ್ಣ ಮನೆ. ಮಗಳು, ಮಗಳ ಗಂಡ ಹೊರಗೆ ಹೋಗಿದ್ದರು. ಅತ್ತೆ ಒಣಗಿದ ಬಟ್ಟೆಗಳ ರಾಶಿಯ ನಡುವೆ ಕೂತು ಮಡಚುತ್ತಿದ್ದಳು. ಅಕ್ಕ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಈ ಸಲ ಬೇಗ ಮುಗಿಯಿತು.

ಅತ್ತೆ ಒಂದು ಅಂಗಿಯ ತೋಳನ್ನು ಮೂರು ಸಲ ಮಡಚಿ ಮೂರು ಸಲ ಬಿಚ್ಚಿದಳು.

"ಅವನೇ ಹೇಳ್ಕೊಟ್ಟು ಕಳಿಸಿದ್ನಾ?"

"ಇಲ್ಲಮ್ಮ. ವಿಳಾಸ ಕೊಟ್ಟಿದ್ದು ಅವರು, ಹೇಳ್ತಿರೋದು ನಾನೇ. ಫಿಲಂ ತೋರಿಸ್ತೀನಿ ನೋಡಿ."

"ನನಗೆ ತೋರಿಸ್ಬೇಡ. ನನಗೇನು ತಿಳಿಯುತ್ತೆ ಅದ್ರಲ್ಲಿ?" ಅಂಗಿಯನ್ನು ರಾಶಿಯ ಮೇಲೆ ಹಾಕಿದಳು. "ಅವನ ಅಂಗಡಿ ನಿಮ್ಮ ಆಸ್ಪತ್ರೆ ಹಿಂದೇನೇ ಇದೆ. ಪಾಪ ಅನ್ಸಿರುತ್ತೆ ನಿನಗೆ. ಹೋಗಿ ಹೀಗೆ ಹೇಳಿದ್ರೆ ಮುದುಕಿ ವಾಪಸ್ ಬರ್ತಾಳೆ ಅಂತ ಕತೆ ಕಟ್ಕೊಂಡು ಬಂದಿದೀಯ."

"ಕತೆ ಅಲ್ಲಮ್ಮ, ನನ್ನಾಣೆ. ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಬಂದಿದೀನಿ."

ಅತ್ತೆ ಇನ್ನೊಂದು ಬಟ್ಟೆ ಎತ್ತಿಕೊಂಡು, ಮಡಚದೆ ಮಡಿಲಲ್ಲಿಟ್ಟುಕೊಂಡಳು.

"ನಿಜಾನೇ ಇರಲಿ. ಅವನ ತಪ್ಪಿಲ್ಲ ಅಂತ್ಲೇ ಇಟ್ಕೋ. ಹಾಗಾದ್ರೆ ನಾನು ಅವನಿಗೆ ಅಂದ ಮಾತು? ನನ್ನ ಮಗಳ ವಿಷಯ ಎತ್ತಿ ಅಂದ ಮಾತು? ಅದನ್ನ ನುಂಗಿಕೊಂಡು ಯಾವ ಮುಖ ಇಟ್ಕೊಂಡು ಆ ಮನೆ ಬಾಗಿಲು ತುಳೀಲಿ? ನೀನು ಹೋಗಮ್ಮ. ಇನ್ನು ಯಾರಿಗೂ ಏನೂ ಹೇಳೋದಕ್ಕೆ ಬರಬೇಡ."

ಬಾಗಿಲವರೆಗೂ ಬಂದು, "ಅವನು ಸರಿಯಾಗಿ ತಿಂತಾ ಇದಾನಾ?" ಎಂದು ಕೇಳಿದಳು.

"ದಡಿಯನಾ?"

"ಹೂಂ. ದಡಿಯ" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಮೊದಲು ಕೇಳಿದ್ದು ಯಾರ ಬಗ್ಗೆ ಎಂದು ಅಕ್ಕನಿಗೆ ಕೊನೆಗೂ ತಿಳಿಯಲಿಲ್ಲ.

ಸೋಮವಾರ ಅಕ್ಕ ತಾನು ಮಾಡಿದ್ದನ್ನು ಸೊಸೆಗೆ ಹೇಳಿದಳು. ಸೊಸೆ ಒಂದು ನಿಮಿಷ ಹಣೆ ಹಿಡಿದುಕೊಂಡು ಕೂತಳು. "ನಾಳೆಯಿಂದ ಬರಬೇಡಿ ಅಕ್ಕ" ಎಂದಳು. ಜಗಳವೇನೂ ಆಗಲಿಲ್ಲ. ದೊಡ್ಡ ಡಾಕ್ಟರಿಗೆ ವಿಷಯ ತಿಳಿದಾಗ ಅವರು ಕೇಳಿದ್ದು ಒಂದೇ ಅಂತೆ: "ನನ್ನನ್ನ ಕುರುಡ ಅಂದಳಾ?" ಅವರು ಫೋನ್ ಮಾಡಲಿಲ್ಲ, ಅಕ್ಕನೂ ಹೋಗಿ ನೋಡಲಿಲ್ಲ. ಬೀಗದವನು ಎಲ್ಲಿಯೂ ದೂರು ಕೊಡಲಿಲ್ಲ. ಆಸ್ಪತ್ರೆ ಎಂದಿನಂತೆ ನಡೆಯಿತು. ಎಕ್ಸ್‌ರೇ ರೂಮಿಗೆ ಹೊಸ ಮೆಷಿನ್ ಬಂತು.

ದಡಿಯ ಹದಿನೇಳು ದಿನ ಇದ್ದ. ಕೊನೆಯ ಎರಡು ದಿನ ಕೂತೇ ಉಸಿರಾಡುತ್ತಿದ್ದನಂತೆ, ಮಲಗಲು ಆಗದೆ. ಒಂದು ಬೆಳಗ್ಗೆ ಬೀಗದವನು ಅಂಗಡಿಯ ಬಾಗಿಲು ಅರ್ಧ ಇಳಿಸಿಕೊಂಡು ಸೊಸೆ ಡಾಕ್ಟರಿಗೆ ಫೋನ್ ಮಾಡಿದ. ಅವಳು ಅಲ್ಲಿಗೇ ಬಂದು ಇಂಜೆಕ್ಷನ್ ಕೊಟ್ಟಳು. ಇದೆಲ್ಲ ಅಕ್ಕನಿಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ ಕಸ ಗುಡಿಸುವವಳಿಂದ.

ಎರಡು ತಿಂಗಳಾದ ಮೇಲೆ ಅಕ್ಕ ಬೇರೊಂದು ಕಡೆ ಕೆಲಸ ಕೇಳಲು ಹೊರಟು ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಬೀಗದವನು ಎದುರಾದ. ಸಲಕರಣೆ ಚೀಲ ಹೆಗಲಿಗಿತ್ತು. ಎಲ್ಲೋ ಬೀಗ ತೆಗೆಯಲು ಹೊರಟಿರಬೇಕು. ಗಡ್ಡ ಬೆಳೆದಿತ್ತು. ಮುಖ ತಿರುಗಿಸಿಕೊಳ್ಳುತ್ತಾನೆ ಎಂದುಕೊಂಡಳು. ತಿರುಗಿಸಿಕೊಳ್ಳಲಿಲ್ಲ, ಅವಳ ಪಕ್ಕದಲ್ಲೇ ನಿಂತ. ಬಸ್ಸು ಬರುವವರೆಗೂ ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರು.

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವನು ಹಿಂದೆ ತಿರುಗದೆ, "ಅತ್ತೆ ಬರ್ಲಿಲ್ಲ" ಎಂದ. ಒಳಗೆ ಹೋಗಿ ಆ ಕಡೆಯ ಕಿಟಕಿಯ ಬಳಿ ಕೂತ.